ಐನೂರ ಒಂಬತ್ತನೆಯ ಮಾತು

"ಮೂರು ದಿನ ಆಯ್ತಮ್ಮ, ಅವರು ನನ್ನ ಜೊತೆ ಮಾತೇ ಆಡ್ತಿಲ್ಲ."

ಫೋನಿನಲ್ಲಿ ಕಮಲಮ್ಮನ ದನಿ ತಗ್ಗಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕವೊಂದರ ಆಫೀಸಿನಲ್ಲಿ, ಗೂಡು ಬೇಯುವ ವಾಸನೆಯ ನಡುವೆ ಹಳೇ ಕಂಪ್ಯೂಟರೊಂದರ ಮುಂದೆ ಕೂತಿದ್ದ ಶ್ರೀವಲ್ಲಿ ಎದ್ದು ಹೊರಗೆ ಬಂದಳು. ಒಳಗೆ ಯಂತ್ರದ ಸದ್ದಿಗೆ ಏನೂ ಸರಿಯಾಗಿ ಕೇಳುವಂತಿರಲಿಲ್ಲ.

"ಯಾಕಮ್ಮ, ಪ್ರೋಗ್ರಾಂ ಮತ್ತೆ ನಿಂತೋಯ್ತಾ?"

"ಇಲ್ಲ ಕಣಮ್ಮ. ನೀರು ಕೇಳ್ತಾರೆ, ಫ್ಯಾನ್ ಹಾಕು ಅಂತಾರೆ, ಕಾಲು ಚಾಚಿಸು ಅಂತಾರೆ. ಜೋರಾಗೇ ಕೇಳುತ್ತೆ ಈಗ. ಅದು ಬಿಟ್ರೆ ಒಂದು ಮಾತಿಲ್ಲ. ನನ್ನನ್ನ ಕರೀತಾನೂ ಇಲ್ಲ. ಭಾನುವಾರ ಸ್ನಾನ ಮಾಡಿಸುವಾಗ ನನ್ನಿಂದ ಇನ್ನು ಆಗಲ್ಲಪ್ಪ ಅಂದುಬಿಟ್ಟಿದ್ದೆ. ಬಾಯ್ತಪ್ಪಿ ಬಂದ ಮಾತು. ಅದನ್ನೇ ಮನಸ್ಸಿಗೆ ಹಚ್ಕೊಂಡಿದ್ದಾರೆ ಅನ್ಸುತ್ತೆ. ನೀನು ಬಂದು ಒಂದು ಮಾತು ಹೇಳು. ನೀನಂದ್ರೆ ಕೇಳ್ತಾರೆ."

ಗಂಡ ಹೆಂಡಿರ ಮುನಿಸಿಗೆ ತಾನೇನು ಹೇಳಲಿ ಅಂತ ಶ್ರೀವಲ್ಲಿಗೆ ನಗು ಬಂತು. ನಾಳೆ ಬರ್ತೀನಿ ಅಂದಳು. ಫೋನಿಟ್ಟ ಮೇಲೆ ಮಾತ್ರ ಏನೋ ಒಂದು ಚುಚ್ಚಿದಂತಾಯಿತು. ಭಾನುವಾರ ಅವರ ಮನೆಗೆ ಹೋಗಿ ಪ್ರೋಗ್ರಾಂ ಮುಟ್ಟಿ ಬಂದವಳು ಅವಳೇ. ಕೈಲಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು, ನಾಳೆಯವರೆಗೂ ಕಾಯದೆ, ಚಿಂತಾಮಣಿ ಬಸ್ಸು ಹತ್ತಿದಳು.

ಕಮಲಮ್ಮನ ಗಂಡ ಚಲಪತಿ ಮೇಷ್ಟ್ರು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಸಮಾಜ ಪಾಠ ಮಾಡಿದವರು. ಶ್ರೀವಲ್ಲಿ ಅವರ ಕ್ಲಾಸಿನಲ್ಲಿ ಮೂರು ವರ್ಷ ಕೂತವಳು. ಅವರ ಗಂಟಲು ಎಂಥದು ಅಂದರೆ, ಕ್ರೀಡಾಕೂಟದ ದಿನ ಮೈಕು ಕೆಟ್ಟರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕನ್ನಡದಲ್ಲಿ ಶುರು ಮಾಡಿದ ವಾಕ್ಯ ತೆಲುಗಿನಲ್ಲಿ ಮುಗಿಯುವುದು, ನಡುವೆ ಯಾವನಾದರೂ ತೂಕಡಿಸಿದರೆ ಅವನಿಗೆ ಎರಡೂ ಭಾಷೆಯಲ್ಲಿ ಮಂಗಳಾರತಿ. ನಿವೃತ್ತರಾಗಿ ಚಿಂತಾಮಣಿಯ ಸ್ವಂತ ಮನೆಗೆ ಬಂದು ಎರಡು ವರ್ಷವಾಗಿತ್ತು. ಮೊದಲು ಎಡಗೈ ಬಲ ಕಳಕೊಂಡಿತು. ಆಮೇಲೆ ನಾಲಿಗೆ ತೊದಲಿತು. ಬೆಂಗಳೂರಿನ ಡಾಕ್ಟರು ತಪಾಸಣೆ ಮಾಡಿ, ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಇದು, ಬುದ್ಧಿಗೆ ಏನೂ ಆಗಲ್ಲ, ಆದರೆ ದನಿ ಹೋಗುತ್ತೆ ಅಂದರು.

"ಎಷ್ಟು ದಿನದಲ್ಲಿ?" ಅಂತ ಕೇಳಿದ್ದರಂತೆ ಮೇಷ್ಟ್ರು.

"ಆರು ತಿಂಗಳು ಅನ್ಕೊಳಿ."

ಮನೆಗೆ ಬಂದವರೇ ಶ್ರೀವಲ್ಲಿಗೆ ಫೋನು ಮಾಡಿದರು. ಅವಳು ರೀಲರುಗಳಿಗೆ ಗೂಡಿನ ಲಾಟು, ನೂಲಿನ ತೂಕ ನೋಡಿಕೊಳ್ಳುವ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತಾಳೆ ಅಂತ ಅವರಿಗೆ ಗೊತ್ತಿತ್ತು. "ನನ್ನ ದನಿ ಇರೋಷ್ಟು ದಿನ ರೆಕಾರ್ಡ್ ಮಾಡಿಟ್ಕೋತೀನಿ ಕಣಮ್ಮ. ಆಮೇಲೆ ಒಂದು ಬೆರಳಲ್ಲಿ ಒತ್ತಿದ್ರೆ ಅದು ಮಾತಾಡ್ಬೇಕು. ಆಗುತ್ತಾ?" ಅಂದರು. ಆಗುತ್ತೆ ಸಾರ್ ಅಂದಳು. ಮೇಷ್ಟ್ರ ಹಳೇ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ ಡಿಸ್ಕು ಹಾಕಿಸಿ ಚುರುಕು ಮಾಡಿದಳು, ಮೈಕು ತಂದಳು, ಹದಿನೈದು ದಿನದಲ್ಲಿ ಪ್ರೋಗ್ರಾಂ ಬರೆದುಕೊಟ್ಟಳು. ಪರದೆಯ ಮೇಲೆ ಸಾಲುಸಾಲು ಗುಂಡಿ, ಪ್ರತಿ ಗುಂಡಿಗೆ ಮೇಷ್ಟ್ರೇ ಇಟ್ಟ ಚಿಕ್ಕ ಹೆಸರು. ಗುಂಡಿ ಒತ್ತಿದರೆ ಆ ಹೆಸರಿನ ಧ್ವನಿ ಫೈಲು ತೆರೆದುಕೊಂಡು ನುಡಿಯುತ್ತದೆ. ಇಲ್ಲದ ಮಾತು ಬೇಕಾದರೆ ಕೆಳಗೊಂದು ಅಕ್ಷರದ ಪಟ್ಟಿ, ಒಂದೊಂದೇ ಅಕ್ಷರ ಆರಿಸಿ ಬರೆಯಬಹುದು.

ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಮೇಷ್ಟ್ರು ಮೈಕಿನ ಮುಂದೆ ಕೂತರು. ಮೊದಲು ಮೈಗೆ ಬೇಕಾದ ಮಾತು: ನೀರು, ನೋವು, ಇಲ್ಲಿ ಕೆರೆ, ಮಗ್ಗುಲು ಬದಲಿಸು. ಆಮೇಲೆ ಡಾಕ್ಟರಿಗೆ, ನರ್ಸಿಗೆ, ಗ್ಯಾಸಿನವನಿಗೆ. ಐನೂರು ದಾಟಿದ ಮೇಲೆ ಇನ್ನೇನು ಮುಗೀತಲ್ಲ ಸಾರ್ ಅಂದಿದ್ದಳು ಶ್ರೀವಲ್ಲಿ. "ಬದುಕೋಕೆ ಬೇಕಾದ್ದು ಮುಗೀತು. ಇನ್ನು ಮಾತಾಡೋಕೆ ಬೇಕಾದ್ದು" ಅಂದರು. ಅಲ್ಲಿಂದ ಮುಂದೆ ಇದ್ದದ್ದು ಕಮಲಮ್ಮನನ್ನು ಕರೆಯುವ ರೀತಿಗಳು, ಪಕ್ಕದ ಮನೆಯ ಬಯ್ಯಪ್ಪನ ಕಾಲೆಳೆಯುವ ಮಾತುಗಳು, ಸಾರಿಗೆ ಉಪ್ಪು ಜಾಸ್ತಿಯಾದಾಗಿನ ಬೈಗುಳ, ಟಿವಿ ವಾರ್ತೆಗೆ ಮಾಡುವ ಟೀಕೆ, ನಗು. ಬರೀ ನಗುವೇ ಒಂಬತ್ತು ಥರ ಇತ್ತು. ಹೆಂಡತಿ ಜೊತೆ ಅವರು ತೆಲುಗು ಆಡುತ್ತಿದ್ದರು, ಹಾಗಾಗಿ ಆ ಭಾಗವೆಲ್ಲ ಹೆಚ್ಚಾಗಿ ತೆಲುಗು. ಕೊನೆಯ ಒಂದು ಮಾತನ್ನು ಇಬ್ಬರನ್ನೂ ಆಚೆ ಕಳಿಸಿ, ಬಾಗಿಲು ಮುಂದೆ ಮಾಡಿಸಿ ಒಬ್ಬರೇ ಹೇಳಿದರು. ಗುಂಡಿಗೆ 'ಕಮಲ, ಆಮೇಲೆ' ಅಂತ ಹೆಸರಿಟ್ಟರು. ಆಮೇಲೆ ಅಂದರೆ ಯಾವಾಗ ಅಂತ ಯಾರೂ ಕೇಳಲಿಲ್ಲ. ಅಲ್ಲಿಗೆ ಎಂಟುನೂರ ಹನ್ನೆರಡು ಮಾತಾಯಿತು. ಹನ್ನೆರಡು ದಿನದ ನಂತರ ಅವರ ಗಂಟಲಿನಿಂದ ಅರ್ಥವಾಗುವ ಸದ್ದು ಬರುವುದು ನಿಂತಿತು.

ಒಂದು ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲೂ ಇರಲಿ ಸಾರ್ ಅಂತ ಅವಳು ಕೇಳಿದ್ದುಂಟು. "ಬೇಡಮ್ಮ. ಮನೆಯೊಳಗಿನ ಮಾತು, ಮನೇಲೇ ಇರ್ಲಿ" ಅಂದಿದ್ದರು. ಅದೂ ಸರಿಯೇ ಅನ್ನಿಸಿ, ಪ್ರೋಗ್ರಾಂ ಮುಚ್ಚಿದಾಗಲೆಲ್ಲ ಎಲ್ಲ ಫೈಲುಗಳೂ ಒಂದು ಪೆನ್‌ಡ್ರೈವಿಗೆ ನಕಲಾಗುವಂತೆ ಏರ್ಪಾಡು ಮಾಡಿದ್ದಳು.

ಪ್ರೋಗ್ರಾಂ ಚೆನ್ನಾಗೇ ನಡೆಯಿತು. ಒಂದೇ ಒಂದು ತಕರಾರು. ಮೇಷ್ಟ್ರು ಬೆಳಿಗ್ಗೆಯಿಂದ ಹರಟುತ್ತಾ ಹೋದರೆ ಸಂಜೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಅದು ಮೂಕವಾಗಿಬಿಡುತ್ತಿತ್ತು. ಯಾವ ಗುಂಡಿ ಒತ್ತಿದರೂ ಸದ್ದಿಲ್ಲ. ಕಮಲಮ್ಮ ಫೋನು ಮಾಡಿದಾಗ ಶ್ರೀವಲ್ಲಿ, "ಮುಚ್ಚಿ ಮತ್ತೆ ತೆಗೀರಮ್ಮ, ಸರಿಹೋಗುತ್ತೆ" ಅಂತಿದ್ದಳು. ಸರಿಹೋಗುತ್ತಿತ್ತು. ಯಾಕೆ ಹಾಗೆ ಅಂತ ಕೂತು ನೋಡಬೇಕು ಅಂದುಕೊಂಡದ್ದು ಎಷ್ಟು ಸಲವೋ. ರೀಲರುಗಳ ಕೆಲಸ ಒಂದಾದ ಮೇಲೆ ಒಂದು ಬರುತ್ತಿತ್ತು, ಅದು ಹಾಗೇ ಉಳಿಯಿತು.

ಹೋದ ತಿಂಗಳು ಕಮಲಮ್ಮ ಇನ್ನೊಂದು ದೂರು ಹೇಳಿದರು. ಕೊನೆಕೊನೆಗೆ ಹೇಳಿದ ಮಾತುಗಳಲ್ಲಿ ಮೇಷ್ಟ್ರ ದನಿ ಸಣ್ಣಗಾಗಿತ್ತು, ಮಿಕ್ಸಿ ತಿರುಗುತ್ತಿದ್ದರೆ ಅಡುಗೆಮನೆಗೆ ಕೇಳುತ್ತಿರಲಿಲ್ಲ. ಶ್ರೀವಲ್ಲಿ ಎಲ್ಲ ಫೈಲುಗಳ ದನಿಯನ್ನೂ ಒಟ್ಟಿಗೆ ಏರಿಸುವ ಒಂದು ಸಣ್ಣ ಭಾಗ ಬರೆದಳು. ಹಳೇ ಫೋಲ್ಡರಿನಿಂದ ಒಂದೊಂದೇ ಫೈಲು ಓದಿ, ಜೋರು ಮಾಡಿ, ಹೊಸ ಫೋಲ್ಡರಿಗೆ ಬರೆದು, ಕಡೆಗೆ ಹಳೆಯದನ್ನು ಅಳಿಸುವುದು. ಇಪ್ಪತ್ತು ಫೈಲಿನಲ್ಲಿ ಪರೀಕ್ಷೆ ಮಾಡಿದಳು, ಸೊಗಸಾಗಿ ನಡೆಯಿತು. ಭಾನುವಾರ ಮೇಷ್ಟ್ರ ಮನೆಯಲ್ಲಿ ಓಡಿಸಿದಳು. ಎಂಟುನೂರ ಹನ್ನೆರಡೂ ಮುಗಿಯಿತು ಅಂತ ತೋರಿಸಿತು. 'ಹಳೇ ಫೋಲ್ಡರ್ ಅಳಿಸಲಾಗಲಿಲ್ಲ, ಬೇರೆ ಪ್ರೋಗ್ರಾಂ ಬಳಸುತ್ತಿದೆ' ಅಂತ ಒಂದು ಸೂಚನೆ ಬಂತು. ಇದ್ದರೆ ಇರಲಿ ಅಂದುಕೊಂಡು ಪ್ರೋಗ್ರಾಂ ಮುಚ್ಚಿ ಮತ್ತೆ ತೆಗೆದು, ಮೊದಲ ಸಾಲಿನ ಮೂರು ಗುಂಡಿ ಒತ್ತಿದಳು. ಮೇಷ್ಟ್ರ ದನಿ ಹಳೇ ಕಾಲದ ಹಾಗೆ ಮನೆ ತುಂಬ ಮೊಳಗಿತು. ಕಮಲಮ್ಮ ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದರು.

ಈಗ ಅವಳು ಹೋದಾಗ ಮೇಷ್ಟ್ರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕತ್ತಿಗೆ ಪಟ್ಟಿ, ಮುಂದೆ ಪರದೆ, ಬಲಗೈ ತೋರುಬೆರಳು ಮೌಸಿನ ಮೇಲೆ. ಅವಳನ್ನು ನೋಡಿದ ಕೂಡಲೇ ಆ ಬೆರಳು ಅವಸರವಾಗಿ ಆಡಿತು. ಪರದೆಯ ಮೇಲೆ ಗುಂಡಿಯೊಂದು ಹಸಿರಾಯಿತು, ಆರಿತು. ಸದ್ದಿಲ್ಲ. ಇನ್ನೊಂದು ಹಸಿರಾಯಿತು, ಆರಿತು. ಅದಕ್ಕೂ ಸದ್ದಿಲ್ಲ.

ಶ್ರೀವಲ್ಲಿ ಅವರ ಬೆನ್ನ ಹಿಂದೆ ಹೋಗಿ ನಿಂತು ನೋಡಿದಳು. ಅವರು ಒತ್ತುತ್ತಿದ್ದದ್ದು 'ಏಮೇ ಕಮಲ', ಅಂದರೆ 'ಏನೇ ಕಮಲ' ಅನ್ನುವ ತೆಲುಗು ಗುಂಡಿ. ಒತ್ತುವುದು, ಕಾಯುವುದು, ಮತ್ತೆ ಒತ್ತುವುದು.

"ಅಮ್ಮ, ಸಾರ್ ನಿಮ್ಮನ್ನ ಕರೀತಿದ್ದಾರೆ," ಅಂದಳು. "ಮೂರು ದಿನದಿಂದ ಕರೀತಾನೇ ಇದ್ದಾರೆ. ಪ್ರೋಗ್ರಾಂ ಹೇಳ್ತಿಲ್ಲ ಅಷ್ಟೆ."

ಕಮಲಮ್ಮ ಕೈಲಿದ್ದ ಬಟ್ಟೆಯನ್ನು ಹಾಗೇ ಕೆಳಗೆ ಬಿಟ್ಟು, ಗಂಡನ ಹತ್ತಿರ ಬಂದು ತಲೆ ಮೇಲೆ ಕೈಯಿಟ್ಟರು. "ಅಯ್ಯೋ ನನ್ನಪ್ಪ," ಅಂದರು. "ಪರದೆ ಕಡೆ ನಾನೆಲ್ಲಿ ನೋಡ್ತೀನಿ. ಕಿವಿ ಕೊಟ್ಕೊಂಡು ಒಲೆ ಮುಂದೆ ಇರ್ತೀನಿ. ನೀವು ಕೋಪ ಮಾಡ್ಕೊಂಡಿದ್ದೀರಿ ಅಂತ ನಾನೂ ಬಿಗುಮಾನ ಮಾಡ್ಕೊಂಡಿದ್ನಲ್ಲ!"

ಮೇಷ್ಟ್ರ ಕಣ್ಣಂಚಿನಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲು ಅವರಿಗೆ ಕೈ ಏಳುತ್ತಿರಲಿಲ್ಲ. ಕಮಲಮ್ಮ ಸೆರಗಿನಲ್ಲಿ ಒರೆಸಿದರು. ಆ ಗಳಿಗೆಯಲ್ಲಿ ಶ್ರೀವಲ್ಲಿಗೆ ಇನ್ನೂ ಧೈರ್ಯವಿತ್ತು. ಗುಂಡಿಗೂ ಫೈಲಿಗೂ ಕೊಂಡಿ ತಪ್ಪಿರಬೇಕು, ಹತ್ತು ನಿಮಿಷದ ಕೆಲಸ ಅಂದುಕೊಂಡು ಸ್ಟೂಲು ಎಳೆದುಕೊಂಡು ಕೂತಳು. ಫೋಲ್ಡರು ತೆರೆದಳು. ಒಂದು, ಎರಡು, ಮೂರು, ಎಲ್ಲ ಫೈಲೂ ಇದ್ದವು. ಎಣಿಕೆ ಎಂಟುನೂರ ಹನ್ನೆರಡು, ಸರಿಯಾಗಿದೆ. ಹೆಸರುಗಳ ಪಕ್ಕದಲ್ಲಿ ಫೈಲಿನ ಗಾತ್ರದ ಕಾಲಮ್ಮು. ಅದರ ಮೇಲೆ ಕಣ್ಣಾಡಿಸುತ್ತಾ ಕೆಳಗೆ ಇಳಿದಳು. ಐನೂರ ಎಂಟರವರೆಗೆ ಒಂದೊಂದಕ್ಕೆ ಒಂದೊಂದು ಅಂಕಿ. ಐನೂರ ಒಂಬತ್ತಕ್ಕೆ ಸೊನ್ನೆ. ಐನೂರ ಹತ್ತಕ್ಕೆ ಸೊನ್ನೆ. ಅಲ್ಲಿಂದ ಕೊನೆಯವರೆಗೂ ಸೊನ್ನೆ.

ಹಳೇ ಫೋಲ್ಡರು ಅಳಿಸಿಲ್ಲವಲ್ಲ ಅನ್ನುವುದು ನೆನಪಾಗಿ ಜೀವ ಬಂದಂತಾಗಿ ಅದನ್ನು ತೆರೆದಳು. ಅದರಲ್ಲಿ ಫೈಲುಗಳಿದ್ದವು. ಮೊದಲನೆಯದರಿಂದ ಐನೂರ ಎಂಟರವರೆಗೆ. ಅದರಾಚೆ ಒಂದೂ ಇಲ್ಲ.

ಪೆನ್‌ಡ್ರೈವು ನೋಡಿದಳು. ಅಲ್ಲೂ ಅದೇ. ಐನೂರ ಎಂಟು ಮಾತು, ಮುನ್ನೂರ ನಾಲ್ಕು ಸೊನ್ನೆ.

"ಸಿಕ್ತೇನಮ್ಮ?" ಅಂದರು ಕಮಲಮ್ಮ.

"ನೋಡ್ತಿದ್ದೀನಮ್ಮ," ಅಂದಳು. ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ತಾನು ಬರೆದದ್ದನ್ನು ತಾನೇ ಓದಲು ಶುರು ಮಾಡಿದಳು. ಕಣ್ಣಿಗೆ ಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾವ ಪ್ರೋಗ್ರಾಮೇ ಆಗಲಿ, ಫೈಲು ತೆರೆದು ಕೆಲಸ ಮುಗಿದ ಮೇಲೆ ಮುಚ್ಚಬೇಕು. ಅವಳ ಪ್ರೋಗ್ರಾಂ ತೆರೆಯುತ್ತಿತ್ತು, ಓದುತ್ತಿತ್ತು, ಮುಚ್ಚುತ್ತಿರಲಿಲ್ಲ. ಒಂದು ಪ್ರೋಗ್ರಾಂ ಏಕಕಾಲಕ್ಕೆ ಐನೂರ ಹನ್ನೆರಡು ಫೈಲಿಗಿಂತ ಹೆಚ್ಚು ತೆರೆದಿಟ್ಟುಕೊಳ್ಳುವ ಹಾಗಿಲ್ಲ. ಮೂರನ್ನು ಅದು ತನ್ನ ಕೆಲಸಕ್ಕೇ ಇಟ್ಟುಕೊಂಡಿರುತ್ತದೆ. ಸಂಜೆಯ ಹೊತ್ತಿಗೆ ಮಾತು ನಿಲ್ಲುತ್ತಿದ್ದದ್ದೂ ಇದಕ್ಕೇ: ಮೇಷ್ಟ್ರು ಐನೂರು ಚಿಲ್ಲರೆ ಸಲ ಒತ್ತಿದ ಮೇಲೆ ಇನ್ನೊಂದು ಫೈಲು ತೆರೆಯಲು ಜಾಗವಿರುತ್ತಿರಲಿಲ್ಲ.

ಭಾನುವಾರ ನಡೆದದ್ದೂ ಅದೇ. ಐನೂರ ಎಂಟು ಹಳೇ ಫೈಲು ತೆರೆದೇ ಉಳಿದಿದ್ದವು. ಒಂದೇ ಒಂದು ಜಾಗ ಖಾಲಿ. ಐನೂರ ಒಂಬತ್ತನೆಯದರ ಸರದಿ ಬಂದಾಗ ಪ್ರೋಗ್ರಾಂ ಮೊದಲು ಹೊಸ ಫೈಲು ಹುಟ್ಟಿಸಿತು, ಆ ಒಂದು ಜಾಗ ಅದಕ್ಕೆ ಹೋಯಿತು. ಹಳೆಯದನ್ನು ಓದಲು ಹೋದರೆ ತೆರೆಯಲಿಲ್ಲ. ತೆರೆಯದಿದ್ದರೆ ನಿಲ್ಲು ಅಂತ ಅವಳು ಬರೆದಿರಲಿಲ್ಲ. ಅದು ಖಾಲಿ ಫೈಲನ್ನೇ ಮುಚ್ಚಿಟ್ಟು ಮುಂದಕ್ಕೆ ಹೋಯಿತು, ಮುನ್ನೂರ ನಾಲ್ಕು ಸಲ. ಕಡೆಗೆ ಹಳೇ ಫೋಲ್ಡರನ್ನು ಅಳಿಸಿತು. ತೆರೆದಿದ್ದ ಐನೂರ ಎಂಟನ್ನು ವಿಂಡೋಸ್ ಅಳಿಸಲು ಬಿಡಲಿಲ್ಲ, ಬಳಕೆಯಲ್ಲಿವೆ ಅಂತ ತಡೆಯಿತು. ಯಾವುದನ್ನು ತೆರೆಯಲಾಗಿರಲಿಲ್ಲವೋ ಅವನ್ನು ತಡೆಯುವವರು ಯಾರೂ ಇರಲಿಲ್ಲ. ಅವೆಲ್ಲ ಹೋದವು. ಉಳಿದ ಮಾತುಗಳು ಮೂರು ಮೂರು ಕಡೆ ಇದ್ದವು, ಹೋದವು ಎಲ್ಲೂ ಇಲ್ಲ.

ಭಾನುವಾರ ಆ ಸೂಚನೆಯ ಮುಂದೆ ಅವಳು ಎರಡು ನಿಮಿಷ ನಿಂತಿದ್ದರೂ ಸಾಕಿತ್ತು. ಆಗಿನ್ನೂ ಪೆನ್‌ಡ್ರೈವಿನಲ್ಲಿ ಎಲ್ಲ ಮಾತೂ ಇತ್ತು, ಪ್ರೋಗ್ರಾಂ ಮುಚ್ಚಿದಾಗ ಅವುಗಳ ಮೇಲೆ ಸೊನ್ನೆಗಳು ನಕಲಾದವು. ಈಗ, ಬೆಳಿಗ್ಗೆ ಮಾಡಿದ ಉಪ್ಪಿಟ್ಟಿನ ಬಟ್ಟಲು ಹಿಡಿದು ಕಮಲಮ್ಮ ಪಕ್ಕದಲ್ಲಿ ನಿಂತಿದ್ದರು. "ಮೊದಲು ತಿನ್ನು ತಾಯಿ, ಆಮೇಲೆ ಮಾಡ್ವಂತೆ" ಅಂದರು. ಅವಳಿಗೆ ಆ ಬಟ್ಟಲು ಇಸಿದುಕೊಳ್ಳಲೂ ಕೈ ಬರಲಿಲ್ಲ.

ತಪ್ಪು ಸರಿಪಡಿಸಲು ಬೇಕಾದದ್ದು ಒಂದು ಸಾಲು. ಅದನ್ನು ಅಲ್ಲೇ ಬರೆದಳು. ಆದರೆ ಮೇಷ್ಟ್ರಿಗೆ ಆವತ್ತು ಏನೂ ಹೇಳಲಿಲ್ಲ. ಸ್ವಲ್ಪ ಫೈಲು ಕೆಟ್ಟಿವೆ ಸಾರ್, ಕಂಪ್ಯೂಟರು ತಗೊಂಡು ಹೋಗಿ ಸರಿಮಾಡಿಸಿಕೊಂಡು ಬರ್ತೀನಿ ಅಂದಳು. ಅವರಿಗೆ ಆ ಎರಡು ದಿನಕ್ಕೆ ತನ್ನ ಲ್ಯಾಪ್‌ಟಾಪು ಬಿಟ್ಟು, ಉಳಿದ ಐನೂರ ಎಂಟನ್ನು ಅದಕ್ಕೆ ಹಾಕಿಕೊಟ್ಟಳು. ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಎದೆಗವುಚಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದಳು. ಅಲ್ಲಿ ಅಳಿಸಿಹೋದ ಫೈಲು ತೆಗೆದುಕೊಡುವ ಸುನೀಲ್ ಅನ್ನುವವನ ಅಂಗಡಿ ಇತ್ತು. ಕಳಕೊಂಡ ಮದುವೆ ಫೋಟೋ ಎಷ್ಟೋ ಜನಕ್ಕೆ ತೆಗೆದುಕೊಟ್ಟಿದ್ದ.

ಅವನು ಡಿಸ್ಕು ಬಿಚ್ಚಿ ನೋಡಿದ ಕೂಡಲೇ ತಲೆ ಅಲ್ಲಾಡಿಸಿದ. "ಅಕ್ಕ, ಇದು ಎಸ್‌ಎಸ್‌ಡಿ. ಹಳೇ ಥರದ ಹಾರ್ಡ್ ಡಿಸ್ಕ್ ಆಗಿದ್ರೆ ಅಳಿಸಿದ್ದು ಅಲ್ಲೇ ಬಿದ್ದಿರ್ತಿತ್ತು, ಹೆಕ್ಕಬಹುದಿತ್ತು. ಇದು ಅಳಿಸಿದ ಜಾಗಾನ ತಾನೇ ತೊಳ್ದು ಇಟ್ಕೊಂಬಿಡುತ್ತೆ. ಯಾರು ಹಾಕಿದ್ದು ಇದನ್ನ?"

"ನಾನೇ," ಅಂದಳು.

"ಪೆನ್‌ಡ್ರೈವ್ ಕೊಡಿ, ಅದ್ರಲ್ಲಿ ಏನಾದ್ರೂ ಸಿಗ್ಬಹುದು. ಅಳಿಸಿದ ಮೇಲೆ ಅದ್ರ ಮೇಲೆ ಏನೂ ಬರೆದಿಲ್ಲ ತಾನೆ?"

ಬರೆದಿತ್ತು. ಮಾತು ಬರದೇ ಹೋದಾಗ ಮುಚ್ಚಿ ತೆಗೀರಿ ಅಂತ ಅವಳೇ ಹೇಳಿಕೊಟ್ಟಿದ್ದಳು. ಇದು ಮುನಿಸೇ ಅಂತ ತೀರ್ಮಾನಿಸುವ ಮುಂಚೆ, ಗಂಡ ಕರೆಯುತ್ತಿಲ್ಲ ಅಂತ ಕಮಲಮ್ಮ ಎಷ್ಟು ಸಲ ಮುಚ್ಚಿ ತೆಗೆದಿದ್ದರೋ. ಪ್ರತಿ ಸಲ ಮುಚ್ಚಿದಾಗಲೂ ಐನೂರ ಎಂಟು ಫೈಲು ಪೆನ್‌ಡ್ರೈವಿನ ಮೇಲೆ ಮತ್ತೆ ಮತ್ತೆ ಕೂತಿದ್ದವು. ಸುನೀಲ್ ಎರಡು ದಿನ ಜಾಲಾಡಿದ. ಹನ್ನೊಂದು ತುಂಡು ಸಿಕ್ಕಿತು. ಏಳರಲ್ಲಿ ಬರೀ ಗರಗರ. ಮೂರರಲ್ಲಿ ನಗುವಿನ ಬಾಲ. ಒಂದರಲ್ಲಿ ಬಯ್ಯಪ್ಪನ ಹೆಸರಿನ ಅರ್ಧ. ಅವನು ಕಾಸು ಬೇಡ ಅಂದ. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಶನಿವಾರ ಮಧ್ಯಾಹ್ನ ಮೇಷ್ಟ್ರ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ತೆರೆದ ಫೈಲು, ಮುಚ್ಚದ ಸಾಲು, ಐನೂರ ಒಂಬತ್ತು. ಪಾಠ ಒಪ್ಪಿಸುವವಳ ಹಾಗೆ ಒಂದನ್ನೂ ಬಿಡದೆ ಹೇಳಿದಳು. ಬಾಗಿಲಿಗೆ ಒರಗಿ ನಿಂತಿದ್ದ ಕಮಲಮ್ಮನಿಗೆ ಅರ್ಧ ತಿಳಿಯಲಿಲ್ಲ.

"ಮತ್ತೆ ಬರಲ್ವಾ ಅದು?"

"ಬರಲ್ಲಮ್ಮ."

"ಎಲ್ಲೂ ಇಲ್ವಾ?"

"ಇಲ್ಲಮ್ಮ. ನನ್ನ ತಪ್ಪು."

ಕಮಲಮ್ಮ ಒಳಗೆ ಹೋದರು. ನಲ್ಲಿ ತಿರುಗಿಸಿದ ಸದ್ದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ಬಂತು. ಮೇಷ್ಟ್ರು ಶ್ರೀವಲ್ಲಿಯನ್ನೇ ನೋಡುತ್ತಿದ್ದರು. ಬೆರಳು ನಿಧಾನವಾಗಿ ಆಡಿತು. ಪರದೆಯ ಮೇಲೆ ಗುಂಡಿಯೊಂದು ಹಸಿರಾಯಿತು. 'ಪರವಾಗಿಲ್ಲ ಬಿಡಮ್ಮ.' ಆರುನೂರ ಹದಿನಾಲ್ಕನೆಯದು. ಸದ್ದು ಬರಲಿಲ್ಲ. ಅವರು ಇನ್ನೊಮ್ಮೆ ಒತ್ತಿದರು, ಗುಂಡಿ ಹಸಿರಾಗಿ ಆರಿತು. ಅದನ್ನು ಓದಿಕೊಂಡು ಶ್ರೀವಲ್ಲಿ ಬಾಯಿಗೆ ಕೈ ಅಡ್ಡ ಇಟ್ಟು ಅತ್ತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಆಮೇಲಿನ ಒಂದು ತಿಂಗಳು ಅವಳು ಓಡಾಡದ ಕಡೆ ಇಲ್ಲ. ಮೇಷ್ಟ್ರ ಜೊತೆ ಕೆಲಸ ಮಾಡಿದ್ದ ಮುನಿನಾರಾಯಣಪ್ಪನವರು ಗೌರಿಬಿದನೂರಿನಲ್ಲಿದ್ದರು. ಅವರ ಫೋನಿನಲ್ಲಿ ಮೇಷ್ಟ್ರು ಕಳಿಸಿದ್ದ ನಲವತ್ತು ವಾಯ್ಸ್ ಮೆಸೇಜು ಸಿಕ್ಕಿತು. ಹಳೇ ವಿದ್ಯಾರ್ಥಿಗಳ ಗುಂಪಿನಲ್ಲಿ ಕೇಳಿದ್ದಕ್ಕೆ ಬೀಳ್ಕೊಡುಗೆ ಸಮಾರಂಭದ ಭಾಷಣದ ವಿಡಿಯೋ ಯಾರೋ ಕಳಿಸಿದರು. ಎಲ್ಲದರಲ್ಲೂ ಮೇಷ್ಟ್ರ ದನಿ ಇತ್ತು. ಪಿಂಚಣಿ ಕಾಗದ, ಮಳೆ, ರಾಜಕೀಯ, ಯಾರದೋ ಮಗಳ ಮದುವೆ. ಹೆಂಡತಿಗೆ ಹೇಳಿದ ಒಂದು ಮಾತೂ ಇರಲಿಲ್ಲ. ಒಂದೇ ಮನೆಯಲ್ಲಿ ಮೂವತ್ತೆಂಟು ವರ್ಷ ಇದ್ದವರು ಒಬ್ಬರಿಗೊಬ್ಬರು ಮೆಸೇಜು ಯಾಕೆ ಕಳಿಸುತ್ತಾರೆ?

ಇರುವ ದನಿಯನ್ನೇ ಕಲಿಸಿ ಹೊಸ ಮಾತು ಆಡಿಸುವ ಪ್ರೋಗ್ರಾಂಗಳು ಈಗ ಬಂದಿವೆ. ಅದನ್ನೂ ಮಾಡಿ ನೋಡಿದಳು. ಕನ್ನಡ ಪರವಾಗಿಲ್ಲ ಅನ್ನುವ ಹಾಗೆ ಬಂತು. 'ಏಮೇ ಕಮಲ' ಅಂತ ತೆಲುಗಿನಲ್ಲಿ ಅನ್ನಿಸಿದಳು. ಮೇಷ್ಟ್ರ ದನಿಯೇ, ಆದರೆ ವಾರ್ತೆ ಓದುವವರ ಹಾಗೆ ಒಂದೊಂದು ಅಕ್ಷರವೂ ತಿದ್ದಿ ತೀಡಿದಂತೆ. ಕಮಲಮ್ಮ ಒಮ್ಮೆ ಕೇಳಿ, "ಆಫ್ ಮಾಡು" ಅಂದರು. "ಇವನು ಯಾರೋ. ಇವನು ಕರೆದ್ರೆ ನಾನು ಹೋಗಲ್ಲ."

ಮೇಷ್ಟ್ರ ಗಂಟಲಿನಿಂದ ಒಂದು ಸದ್ದು ಬಂತು. ನಕ್ಕಿದ್ದೋ ಅತ್ತಿದ್ದೋ ಶ್ರೀವಲ್ಲಿಗೆ ತಿಳಿಯಲಿಲ್ಲ.

ಒಂದು ದಿನ ಕಮಲಮ್ಮನೇ ಗಂಡನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಕೇಳಿದರು. "ಆ ಕೊನೇದು, ಬಾಗಿಲು ಹಾಕ್ಕೊಂಡು ಹೇಳಿದ್ದು, ಏನಿತ್ತು ಅದ್ರಲ್ಲಿ?"

ಮೇಷ್ಟ್ರು ಅಕ್ಷರದ ಪಟ್ಟಿಗೆ ಹೋದರು. ಒಂದೊಂದೇ ಅಕ್ಷರ, ಒಂದು ಪದಕ್ಕೆ ಎರಡೆರಡು ನಿಮಿಷ. 'ಬರೀತೀನಿ.' ಅಂದಿನಿಂದ ದಿನಾ ಬೆಳಿಗ್ಗೆ ಬರೆಯಲು ಕೂತರು. ತೆಲುಗು ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದರು. ದಿನಕ್ಕೆ ಒಂದು ಸಾಲು, ಹುಷಾರಿದ್ದ ದಿನ ಎರಡು. ಬರೆಯುವಾಗ ಯಾರೂ ನೋಡಬಾರದು ಅಂತ ಕಣ್ಣಲ್ಲೇ ಸನ್ನೆ. ಕಮಲಮ್ಮ ಪರದೆಯ ಹಿಂಬದಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

ಅದು ಇಪ್ಪತ್ತು ದಿನವೂ ನಡೆಯಲಿಲ್ಲ. ಸಂಕ್ರಾಂತಿ ಕಳೆದ ವಾರ ಅವರ ಬೆರಳು ಬಾಗಲು ಒಲ್ಲೆ ಅಂದಿತು. ಬೆಳಿಗ್ಗೆ ಎದ್ದಾಗ ಮೌಸಿನ ಮೇಲೆ ಇಟ್ಟ ಬೆರಳು ಇಟ್ಟ ಹಾಗೇ ಇತ್ತು. ಶ್ರೀವಲ್ಲಿ ಓಡಿ ಬಂದು ಕೆನ್ನೆಗೆ ತಾಗುವ ಹಾಗೆ ಒಂದು ಗುಂಡಿ ಕಟ್ಟಿಕೊಟ್ಟಳು. ಪರದೆಯ ಮೇಲೆ ಮಾತುಗಳು ತಾವಾಗಿ ಸರಿಯುತ್ತವೆ, ಬೇಕಾದದ್ದು ಬಂದಾಗ ಕೆನ್ನೆ ಒತ್ತಬೇಕು. ಐನೂರ ಎಂಟು ಮಾತಿಗೆ ಅದು ಸಾಲುತ್ತಿತ್ತು. ಅಕ್ಷರ ಬರೆಯಲು ಆಗುತ್ತಿರಲಿಲ್ಲ, ಎರಡು ಅಕ್ಷರಕ್ಕೇ ಅವರಿಗೆ ಉಸಿರು ಕಟ್ಟುತ್ತಿತ್ತು.

"ಎಲ್ಲಿವರೆಗೆ ಬರೆದಿದ್ದಾರೋ ಅಲ್ಲಿವರೆಗೆ ಪ್ರಿಂಟ್ ತಗೊಂಡು ಬಾ," ಅಂದರು ಕಮಲಮ್ಮ. "ನೀನು ಓದ್ಬೇಡ."

ಅವಳು ಆಫೀಸಿನಲ್ಲಿ ಅಚ್ಚು ತೆಗೆದಳು. ಕಾಗದ ಹೊರಬರುವಾಗ ಬೇರೆ ಕಡೆ ನೋಡಿದಳು, ಆದರೂ ಕೊನೆಯ ಸಾಲು ಕಣ್ಣಿಗೆ ಬಿತ್ತು. ವಾಕ್ಯ ನಡುವಿನಲ್ಲಿ ನಿಂತಿತ್ತು. ತೆಲುಗಿನಲ್ಲಿ 'ಇನ್ನೊಂದು ಮಾತು, ನೀನು' ಅಂತ ಇದ್ದು, ಮುಂದೆ ಏನೂ ಇರಲಿಲ್ಲ. ನಾಲ್ಕಾಗಿ ಮಡಿಸಿ ಚಿಂತಾಮಣಿಗೆ ಕೊಂಡೊಯ್ದಳು. ಕಮಲಮ್ಮ ಅದನ್ನು ಬಿಚ್ಚಲಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದರು.

ಪ್ರೋಗ್ರಾಂ ಈಗ ನಿಲ್ಲುವುದಿಲ್ಲ. ಶ್ರೀವಲ್ಲಿ ಐದು ಸಾವಿರ ಸಲ ಸತತವಾಗಿ ನುಡಿಸಿ ನೋಡಿದ್ದಾಳೆ, ಒಂದು ಫೈಲೂ ತೆರೆದು ಉಳಿಯಲಿಲ್ಲ. ಭಾನುವಾರ ಭಾನುವಾರ ಬಂದು ಇದನ್ನು ಪರೀಕ್ಷೆ ಮಾಡುತ್ತಾಳೆ, ಮೂರು ಕಡೆ ನಕಲು ಮಾಡುತ್ತಾಳೆ. ಮಾಡಿ ಮುಗಿಸಿದ ಮೇಲೂ ಎದ್ದು ಹೋಗಲಾಗದೆ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿರುತ್ತಾಳೆ.

ಕಳೆದ ಭಾನುವಾರ ಕಮಲಮ್ಮ ಅವಳ ಮುಂದೆ ಬಂದು ನಿಂತರು.

"ನೋಡು ಶ್ರೀವಲ್ಲಿ. ನೀನು ಬರೋದು ಬಿಡ್ಬೇಡ. ಆದ್ರೆ ಪ್ರತಿ ಸಲ ಈ ಮುಖ ಹೊತ್ಕೊಂಡು ಬರ್ಬೇಡ. ನನಗೆ ಅವರನ್ನ ನೋಡ್ಕೊಳ್ಳೋಕೇ ಶಕ್ತಿ ಇಲ್ಲ, ನಿನ್ನನ್ನೂ ಸಮಾಧಾನ ಮಾಡು ಅಂದ್ರೆ ಎಲ್ಲಿಂದ ತರ್ಲಿ?"

"ಏನ್ ಮಾಡ್ಲಿ ಹೇಳಿ ಅಮ್ಮ," ಅಂದಳು ಶ್ರೀವಲ್ಲಿ.

"ಬಾ ಇಲ್ಲಿ. ಅವರನ್ನ ಕುರ್ಚಿಯಿಂದ ಮಂಚಕ್ಕೆ ಹಾಕ್ಬೇಕು. ಕಂಕುಳಲ್ಲಿ ಕೈ ಕೊಡು. ಹಂಗಲ್ಲ, ಬೆರಳು ಒಂದಕ್ಕೊಂದು ಹೆಣೀಬೇಕು. ಮಂಡಿ ಬಗ್ಗಿಸು, ಇಲ್ಲಾಂದ್ರೆ ನಿನ್ನ ಬೆನ್ನೂ ಹೋಗುತ್ತೆ."

ಹಾಗೇ ಹಿಡಿದಳು. ಮೂರು ಎಣಿಸಿ ಇಬ್ಬರೂ ಎತ್ತಿದರು. ಮೇಷ್ಟ್ರ ತಲೆ ಅವಳ ಭುಜದ ಮೇಲೆ ಬಿತ್ತು. ಅವರು ಇಷ್ಟು ಹಗುರ ಅಂತ ಅವಳಿಗೆ ಗೊತ್ತಿರಲಿಲ್ಲ.